ಗೊತ್ತಿರೋ ಪಾಟು ಆಕಮ್ಮಣ್ಣಿ

ಅವರ ಕಿವಿಗಳು ದೊಡ್ಡವು. ಚಿಕ್ಕಂದಿನಲ್ಲಿ ಒಂಟಿ ಹಾಕಿಕೊಂಡಿದ್ದ ತೂತು ಹಿಗ್ಗಿ ಹಾಲೆ ಜೋತುಬಿದ್ದಿತ್ತು, ಒಳಗಿಂದ ಬಿಳಿ ಕೂದಲು ಇಣುಕುತ್ತಿತ್ತು. ಕ್ಯಾಸೆಟ್ ತಿರುಗಲು ಶುರುವಾದರೆ ಸಾಕು, ಎಡಗಿವಿಯನ್ನು ಎರಡು ಬೆರಳಿನಿಂದ ಮುಂದಕ್ಕೆ ಮಡಿಸಿ, ಕಣ್ಣು ಮುಚ್ಚಿ, ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇದ್ದ ಒಂದೇ ಒಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಬೇರೆ ಯಾರು ಬಂದು ನಿಂತರೂ ಏಳುತ್ತಿರಲಿಲ್ಲ. ಆ ಸ್ಟೂಲನ್ನು ಒಂದು ದಿನ ಮುರಿದು ಒಲೆಗೆ ಹಾಕುತ್ತೇನೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಅವರನ್ನು ನಾನು ಡ್ರೈವರಣ್ಣ ಅನ್ನುತ್ತಿದ್ದೆ. ಲಾರಿ ಡ್ರೈವರೂ ಅಲ್ಲ, ಬಸ್ ಡ್ರೈವರೂ ಅಲ್ಲ. ಕೆ.ಜಿ.ಎಫ್.ನ ನಂದಿದುರ್ಗ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಕೆಲಸಗಾರರನ್ನು ಕಬ್ಬಿಣದ ಕೇಜಿನಲ್ಲಿ ಪಾತಾಳಕ್ಕೆ ಇಳಿಸುವುದು, ಪಾಳಿ ಮುಗಿದ ಮೇಲೆ ಎತ್ತುವುದು ಅವರ ಕೆಲಸ. ಎಂಜಿನ್ ಮನೆಯಲ್ಲಿ ಕೂತವರಿಗೆ ಕೇಜೂ ಕಾಣುವುದಿಲ್ಲ, ಅದರೊಳಗಿನ ಮನುಷ್ಯರೂ ಕಾಣುವುದಿಲ್ಲ. ಕೆಳಗಿನಿಂದ ಬರುವ ಬೆಲ್ಲಿನ ಸದ್ದೇ ಎಲ್ಲ. ಒಂದು ಬಾರಿಸಿದರೆ ಎತ್ತು, ಎರಡು ಬಾರಿಸಿದರೆ ಇಳಿಸು, ಮೂರು ಬಾರಿಸಿದರೆ ಜನ ಹತ್ತುತ್ತಿದ್ದಾರೆ, ಕೈ ಅಲುಗಿಸಬೇಡ. ಇದನ್ನು ಅವರೇ ನನಗೆ ಹೇಳಿದ್ದು. ಅಷ್ಟೂ ಜನರ ಜೀವ ಆ ಎರಡು ದೊಡ್ಡ ಕಿವಿಗಳ ಮೇಲೆ ನಿಂತಿತ್ತು.

ನನ್ನದು ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಅಪ್ಪ ಬಿಟ್ಟುಹೋದ ರೇಡಿಯೋ ರಿಪೇರಿ ಅಂಗಡಿ. ಎಂಬತ್ತರ ದಶಕದಲ್ಲಿ ಮನೆಮನೆಗೂ ಟೇಪ್ ರೆಕಾರ್ಡರ್ ಬಂತು, ಅದರ ಹಿಂದೆಯೇ ಸ್ಟೀರಿಯೋ ಹುಚ್ಚೂ ಬಂತು. ನಾನು ಸ್ಪೀಕರ್ ಬಾಕ್ಸ್ ಕಟ್ಟಿ ಮಾರಲು ಶುರುಮಾಡಿದೆ. ಹೆಂಗಸು ಬೆಸುಗೆ ಕಡ್ಡಿ ಹಿಡಿದು ಕೂತಿದ್ದನ್ನು ನೋಡಿ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, ಯಜಮಾನ್ರು ಇಲ್ವಾ ಅಂತ. ಆ ಮಾತು ಕೇಳದೆ ನೇರವಾಗಿ ನನ್ನ ಜೊತೆಗೇ ಜಗಳಕ್ಕೆ ನಿಂತ ಮೊದಲ ಗಿರಾಕಿ ಡ್ರೈವರಣ್ಣ. ಅದೊಂದಕ್ಕೆ ನಾನು ಅವರನ್ನು ಅಷ್ಟು ವರ್ಷ ಸಹಿಸಿಕೊಂಡೆ ಅಂತ ಕಾಣುತ್ತದೆ.

ವಾರಕ್ಕೊಂದು ರಜೆ. ಆ ದಿನ ಗಣಿ ಕಡೆಯಿಂದ ಬರುವ ಬೆಳಗಿನ ಮಾರಿಕುಪ್ಪಂ ರೈಲಿಗೆ ಬಂದು ಇಳಿಯುತ್ತಿದ್ದರು. ಹೆಗಲ ಮೇಲಿನ ಟವೆಲಿನ ಗಂಟಿನಲ್ಲಿ ಒಂದು ಕ್ಯಾಸೆಟ್. ಮೂರು ವರ್ಷ ಅದೇ ಕ್ಯಾಸೆಟ್. ಬಂಗಾರಪೇಟೆ ಹತ್ತಿರದ ಅವರ ಹಳ್ಳಿಯ ರಾಮಮಂದಿರದಲ್ಲಿ ಶನಿವಾರದ ಭಜನೆಯನ್ನು ಯಾರೋ ಟೇಪ್ ಮಾಡಿದ್ದು. ಅರ್ಧ ತೆಲುಗು, ಅರ್ಧ ಕನ್ನಡ. ಹಾರ್ಮೋನಿಯಂನ ಒಂದು ಮನೆ ಕೆಟ್ಟು ಬೇಡದ ಕಡೆಯೆಲ್ಲ ಪೀ ಅನ್ನುತ್ತದೆ. ಎರಡನೆಯ ಪದದಲ್ಲಿ ಒಬ್ಬ ಮುದುಕರು ಕೆಮ್ಮುತ್ತಾರೆ, ಮೂರನೆಯದರಲ್ಲಿ ಆಚೆ ಕಟ್ಟಿದ ಎಮ್ಮೆ ಕೂಗುತ್ತದೆ. ಕಂಚಿನ ತಾಳ ಹಾಕಿದವರು ಸ್ವತಃ ಡ್ರೈವರಣ್ಣ. ಯಾವ ಬಾಕ್ಸ್ ತೋರಿಸಿದರೂ ಈ ಎಮ್ಮೆ ಕೂಗದೆ ನನಗೆ ಬಿಡುಗಡೆ ಇರಲಿಲ್ಲ. ಹೊಸ ಹಾಡು ಕೇಳಲು ಬಂದ ಹುಡುಗರು ಬಾಗಿಲಲ್ಲೇ ನಿಂತು ನಗುತ್ತಿದ್ದರು, ನಾನು ಹಲ್ಲು ಕಚ್ಚಿಕೊಂಡು ಬೆಸುಗೆ ಹಾಕುತ್ತಿದ್ದೆ.

ಒಂದು ಸಲ ಆಂಡರ್ಸನ್‌ಪೇಟೆಯ ಬಟ್ಟೆ ಅಂಗಡಿಯವರೊಬ್ಬರು ಬಂದರು. ದೊಡ್ಡ ಗಿರಾಕಿ. ನಾನು ಆಗ ಜನ ಬಯಸುತ್ತಿದ್ದ ಧಡ್ ಧಡ್ ಅನ್ನುವ ಹೊಸ ಸಿನಿಮಾ ಹಾಡು ಹಾಕಿದೆ, ಅವರು ತಲೆದೂಗಿದರು, ಇನ್ನೇನು ಹೂಂ ಅನ್ನಬೇಕು. ಸ್ಟೂಲಿನ ಮೇಲಿದ್ದ ಈ ಮಹಾನುಭಾವರು ಬಾಯಿ ತೆರೆದರು.

“ಸಾಮೀ, ಗೊತ್ತಿಲ್ದಿರೋ ಪಾಟು ಆಕಿದ್ರೆ ತಗಡಿನ ಡಬ್ಬಾನೂ ಚೆನ್ನಾಗೇ ಕೇಳ್ತದೆ. ನಿಮಗೆ ಗೊತ್ತಿರೋದ್ನ ಆಕ್ಸಿ. ಏನೇನು ಇರ್ಬೇಕು ಅಂತ ಗೊತ್ತಿದ್ರೆ ತಾನೆ ಏನಿಲ್ಲ ಅಂತ ತಿಳಿಯೋದು?”

ಪಾಟು ಅಂದರೆ ಅವರ ಬಾಯಲ್ಲಿ ಹಾಡು. ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಗೆ ಕ್ಯಾಸೆಟ್ ಕೊಟ್ಟು, ಗೊತ್ತಿರೋ ಪಾಟು ಆಕಮ್ಮಣ್ಣಿ ಅಂದರು. ಹಾಕಿದೆ. ಒಂದು ನಿಮಿಷ ಕೇಳಿ ತಲೆ ಅಲ್ಲಾಡಿಸಿದರು. ನಮ್ಮ ಭಜನೆ ಯಜಮಾನ ನಡುವೆ ಕೂತು ಹಾಡಿದ್ದ, ನಿನ್ನ ಡಬ್ಬದಲ್ಲಿ ಅವನು ನಡುವೆ ಇಲ್ಲ, ಎರಡೂ ಗೋಡೆಗೆ ಹರಡಿಕೊಂಡಿದ್ದಾನೆ ಅಂತ ಬಟ್ಟೆ ಅಂಗಡಿಯವರ ಮುಂದೆಯೇ ತೀರ್ಪು ಕೊಟ್ಟರು. ಅವರು ಆಮೇಲೆ ಬರ್ತೀನಿ ಅಂತ ಹೋದವರು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಳೆಯಿಂದ ಈ ಕಡೆ ಕಾಲಿಡಬೇಡಿ ಅಂದೆ. ಅವರು ಟವೆಲಿಗೆ ಕ್ಯಾಸೆಟ್ ಗಂಟು ಹಾಕಿಕೊಂಡು, ಮುಂದಿನ ವಾರ ಬತ್ತೀನಿ ಅಂತ ಹೊರಟರು.

ಸಂಜೆ ಸಿಟ್ಟಿನಲ್ಲೇ ಬಾಕ್ಸ್ ಬಿಚ್ಚಿ ನೋಡಿದೆ. ಎಡಗಡೆ ಸ್ಪೀಕರಿಗೆ ಎರಡು ವೈರುಗಳನ್ನು ಅದಲುಬದಲು ಹಾಕಿದ್ದೆ. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಸರಿಮಾಡಿ ಹಾಕಿದರೆ, ಹಾಡುವವರು ಬಂದು ಎರಡು ಬಾಕ್ಸಿನ ನಡುವೆ, ಎದುರು ಬದುರು ಅನ್ನುವ ಹಾಗೆ ಕೂತರು. ಅದಕ್ಕೂ ಮುಂಚೆ ಮಾರಿದ್ದ ಬಾಕ್ಸುಗಳನ್ನೆಲ್ಲ ನೆನೆಸಿಕೊಂಡು ಬೆವತುಹೋದೆ. ಮುಂದಿನ ವಾರ ಅವರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಹಿಗ್ಗಿದ್ದರೂ ಸಹಿಸಬಹುದಿತ್ತು. ಅವರು ಊಂ ಅಂದರು, ಸ್ಟೂಲು ಎಳೆದುಕೊಂಡರು.

ಕೊನೆಗೂ ಒಂದು ದಿನ ತಮಗೇ ಒಂದು ಜೊತೆ ಬಾಕ್ಸ್ ಬೇಕು ಅಂದರು. ಆಗ ಅವರಿಗೆ ರಿಟೈರಾಗಲು ಎರಡು ವರ್ಷ ಉಳಿದಿತ್ತು. ನನಗೆ ದೇವರೇ ಕಣ್ಣು ಬಿಟ್ಟ ಹಾಗಾಯಿತು. ಒಳ್ಳೆ ಹಲಗೆ ತರಿಸಿದೆ, ಅಪ್ಪನ ಕಾಲದಿಂದ ಕೂಡಿಟ್ಟಿದ್ದ ಒಳ್ಳೆ ಸಾಮಾನನ್ನೆಲ್ಲ ಸುರಿದು ಕಟ್ಟಿದೆ. ನನ್ನ ಕೈಯಿಂದ ಅಷ್ಟು ಚೆಂದದ ಬಾಕ್ಸ್ ಮತ್ತೆ ಆಗಲಿಲ್ಲ. ಡ್ರೈವರಣ್ಣ ಕೂತರು, ಕಿವಿ ಮಡಿಸಿದರು, ಕೇಳಿದರು. ಹಾರ್ಮೋನಿಯಂ ಐತೆ, ಕೆಮ್ಮು ಐತೆ, ಎಮ್ಮೆ ಐತೆ, ತಾಳ ಎಲ್ಲಿ ಅಂದರು.

ತಾಳ ಅಲ್ಲೇ ಇತ್ತು. ಕಿವಿಗೆ ಚುಚ್ಚುವ ಹಾಗೆ ಟಿಣ್ ಟಿಣ್ ಅನ್ನುತ್ತಿತ್ತು. ಆದರೂ ಒಂದು ಸಲ ನನಗೆ ಮಣ್ಣು ಮುಕ್ಕಿಸಿದ ಮನುಷ್ಯ, ಇವರ ಮಾತು ತೆಗೆದುಹಾಕುವುದು ಹೇಗೆ? ಸಣ್ಣ ದನಿಗಳಿಗೆಂದೇ ಇರುವ ಪುಟ್ಟ ಸ್ಪೀಕರ್, ಟ್ವೀಟರ್ ಅನ್ನುತ್ತಾರಲ್ಲ, ಅದನ್ನು ಬದಲಾಯಿಸಿದೆ. ಮುಂದಿನ ವಾರ ಬಂದರು, ತಾಳ ಇಲ್ಲ ಅಂದರು. ಟೇಪಿನ ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿದೆ, ಕೆಪಾಸಿಟರ್ ಬದಲಾಯಿಸಿದೆ, ಮದರಾಸಿನಿಂದ ಇನ್ನೊಂದು ಟ್ವೀಟರ್ ತರಿಸಿದೆ. ತಾಳ ಇಲ್ಲ, ತಾಳ ಇಲ್ಲ, ತಾಳ ಇಲ್ಲ. ಮೂರು ತಿಂಗಳು ಹೀಗೇ ನಡೆಯಿತು. ಪಕ್ಕದ ಟೀ ಅಂಗಡಿಯವರನ್ನು ಕರೆದು ಕೇಳಿಸಿದೆ. ಅವರು ಕೈಯಲ್ಲಿ ಸೋಸುವ ಬಟ್ಟೆ ಹಿಡಿದುಕೊಂಡೇ, ಎಷ್ಟು ಜೋರಾಗೈತಲ್ಲಮ್ಮ ತಾಳ, ಸ್ವಲ್ಪ ಕಮ್ಮಿ ಮಾಡು ಅಂದರು. ತೆಗೆದುಕೊಳ್ಳಲು ಮನಸ್ಸಿಲ್ಲದೆ ನೆಪ ಹುಡುಕುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು.

ಹೀಗಿರುವಾಗ ಒಂದು ದಿನ, ಅವತ್ತು ಅವರಿಗೆ ರಜೆ ಇರಲಿಲ್ಲ. ಮಧ್ಯಾಹ್ನದ ಪಾಳಿ, ಅದಕ್ಕೆ ಮುಂಚೆ ಅಂತ ಬಂದಿದ್ದರು. ಅರ್ಧ ಪದ ಕೇಳಿ, ಏನಮ್ಮಣ್ಣಿ, ಇನ್ನೂ ಅಂಗೇ ಇಟ್ಟಿದ್ದೀಯಲ್ಲ ಅಂದರು. ನನಗೆ ತಡೆಯಲಾಗಲಿಲ್ಲ.

“ಬಾಕ್ಸಿಗೇನೂ ಆಗಿಲ್ಲ ಡ್ರೈವರಣ್ಣ. ನಿಮ್ ಕಿವೀನೇ ಓಗೈತೆ. ಡಾಕ್ಟ್ರತ್ರ ಓಗಿ, ನನ್ ಪ್ರಾಣ ತಿನ್ಬೇಡಿ.”

ಕಿವಿಯಿಂದ ಬದುಕುವವರಿಗೆ ಯಾರಾದರೂ ಆಡುವ ಮಾತೇ ಅದು? ಅವರು ಸಿಟ್ಟಾಗಲಿಲ್ಲ. ಕ್ಯಾಸೆಟ್ ಹಿಂದಕ್ಕೆ ತಿರುಗಿಸಲು ಹೇಳಿದರು. ತಾಳ ಕೇಳಿದಾಗಲೆಲ್ಲ ಬೆರಳೆತ್ತು ಅಂದರು. ಹಾಕಿದೆ. ನಾನು ಬೆರಳೆತ್ತುತ್ತಾ ಹೋದೆ. ಅವರ ಬಲಗೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು, ನನ್ನ ಬೆರಳಿಗೆ ಸರಿಯಾಗಿ, ಒಂದೂ ತಪ್ಪದೆ. ಕಣ್ಣು ಮಾತ್ರ ನನ್ನ ಬೆರಳಿನ ಮೇಲಿತ್ತು. ಪದ ಮುಗಿಯಿತು.

“ಕೈಗೆ ನೆಪ್ಪೈತೆ,” ಅಂದರು. “ಕೇಳ್ತಿಲ್ಲ.”

ನಾನು ಏನೇನೋ ಸಮಾಧಾನ ಹೇಳಿದೆ. ಸಣ್ಣ ದನಿ ತಾನೆ, ಬೆಲ್ಲು ದೊಡ್ಡದಾಗಿ ಹೊಡೆಯುತ್ತದಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

“ತಾಳ ಇರ್ಬೇಕು ಅಂತ ಗೊತ್ತಿತ್ತು ಕಣಮ್ಮ, ಅದ್ಕೇ ಇಲ್ಲ ಅಂತ ತಿಳೀತು. ಕೆಳಗ್ನೋನು ಎಷ್ಟು ಬಾರಿಸ್ತಾನೆ ಅಂತ ನಂಗೆ ಮುಂಚೆ ಗೊತ್ತಿರ್ತದಾ? ಮೂರು ಬಾರಿಸಿದ್ದು ಎರಡು ಕೇಳಿದ್ರೆ?”

ಮೂರೆಂದರೆ ಜನ ಹತ್ತುತ್ತಿದ್ದಾರೆ. ಎರಡೆಂದರೆ ಇಳಿಸು.

ಯಾರಿಗೂ ಹೇಳಬೇಡ ಅಂತ ಅವರು ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ನಾನು ಖಂಡಿತ ಹೇಳುತ್ತಿರಲಿಲ್ಲ, ಈಗ ಅದನ್ನು ನೆನೆದರೆ ನನಗೇ ಭಯವಾಗುತ್ತದೆ. ಅವರು ಕೇಳಲಿಲ್ಲ. ರೈಲು ಹತ್ತಿ ಹೋದರು. ಸಂಜೆಯವರೆಗೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆಮೇಲೆ ತಿಳಿಯಿತು, ಆ ಪಾಳಿಗೆ ಅವರು ಸೀಟಿನ ಮೇಲೆ ಕೂರಲೇ ಇಲ್ಲ. ನೇರ ಎಂಜಿನಿಯರ್ ಮುಂದೆ ಹೋಗಿ, ನನ್ನ ಕಿವಿ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬೇರೆಯವರನ್ನು ಕೂರಿಸಿ ಅಂದರಂತೆ. ಪರೀಕ್ಷೆಯಾಯಿತು. ಅವರನ್ನು ಲ್ಯಾಂಪ್ ರೂಮಿಗೆ ಹಾಕಿದರು. ಇಳಿಯುವವರಿಗೆ ದೀಪ ಕೊಡುವುದು, ಬಂದವರಿಂದ ವಾಪಸ್ಸು ತೆಗೆದುಕೊಳ್ಳುವುದು. ಸಂಬಳವೂ ಇಳಿಯಿತು, ಗಣಿಯವರ ಬಾಯಲ್ಲಿ ಡ್ರೈವರ್ ಅನ್ನುವ ಹೆಸರೂ ಹೋಯಿತು. ನಾನು ಮಾತ್ರ ಹಟ ಹಿಡಿದು ಡ್ರೈವರಣ್ಣ ಅಂತಲೇ ಕರೆದೆ.

ಒಂದು ವಾರಕ್ಕೆ ಅವರ ಹೆಂಡತಿ ಬಂದರು. ಅದೇ ಮೊದಲು ನಾನು ಆಕೆಯನ್ನು ನೋಡಿದ್ದು. ರಸ್ತೆಯಲ್ಲಿ ನಿಂತು, ಬರುವವರು ಹೋಗುವವರೆಲ್ಲ ಕೇಳುವ ಹಾಗೆ ಬೈದರು. ಎರಡು ವರ್ಷ ಕಳೆದಿದ್ದರೆ ಮರ್ಯಾದೆಯಾಗಿ ಆ ಸೀಟಿನಿಂದ ಇಳಿಯುತ್ತಿದ್ದರು, ನಿನ್ನ ಹಾಳು ಡಬ್ಬ ಮಾರುವುದಕ್ಕೆ ನನ್ನ ಗಂಡನನ್ನು ಕಿವುಡ ಮಾಡಿದೆ ಅಂದರು. ನನ್ನ ಬಾಯಿ ಸಾಮಾನ್ಯದ್ದಲ್ಲ, ಆದರೆ ಅವತ್ತು ಬೆಸುಗೆ ಕಡ್ಡಿ ಕೆಳಗಿಟ್ಟು ಬೈಸಿಕೊಂಡೆ. ಆಕೆ ಅಷ್ಟು ಬೈದು, ಕೊನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ಟೇಷನ್ ಕಡೆ ನಡೆದುಬಿಟ್ಟರು.

ಇನ್ನು ಡ್ರೈವರಣ್ಣನ ಕಾಟ ತಪ್ಪಿತು ಅಂದುಕೊಂಡಿದ್ದೆ, ಹಾಗೆ ಅಂದುಕೊಂಡು ಅಳುವೂ ಬಂದಿತ್ತು. ಮುಂದಿನ ರಜೆಯ ದಿನ ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಆಸಾಮಿ ಟವೆಲಿನ ಗಂಟು ಬಿಚ್ಚುತ್ತಾ ನಿಂತಿದ್ದಾರೆ. ಇನ್ಮೇಲೆ ನೀನು ಕೇಳು, ನಾನು ನೋಡ್ತೀನಿ ಅಂದರು. ಹೆಂಡತಿಯ ಸುದ್ದಿ ಎತ್ತಲಿಲ್ಲ. ನಾನು ಆಡಿದ ಮಾತಿನ ಸುದ್ದಿಯನ್ನೂ ಎತ್ತಲಿಲ್ಲ. ಬಾಕ್ಸುಗಳನ್ನು ತೆಗೆದುಕೊಂಡು ಹೋದರು, ಆದರೂ ಬರುವುದು ಬಿಡಲಿಲ್ಲ. ನಾನು ಹೊಸದಾಗಿ ಕಟ್ಟಿದ್ದನ್ನೆಲ್ಲ ಅದೇ ಭಜನೆ ಹಾಕಿಸಿ, ಹಾರ್ಮೋನಿಯಂ ಎಲ್ಲಿ ಕೂತಿದೆ, ಮುದುಕರು ಎಡಗಡೆಯೋ ಬಲಗಡೆಯೋ ಅಂತ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಒಂದೇ ಮೈಕಿನಲ್ಲಿ ಟೇಪ್ ಮಾಡಿದ್ದು, ಅದರಲ್ಲಿ ಎಡ ಬಲ ಎಲ್ಲಿಂದ ಬರಬೇಕು ಅಂತ ನೂರು ಸಲ ಹೇಳಿದೆ. ಕೇಳುವವರು ಯಾರು?

ಇಷ್ಟೆಲ್ಲ ಗೊಣಗುತ್ತೇನೆ, ಆದರೆ ನನ್ನ ಅಂಗಡಿಗೆ ಹೆಸರು ಬಂದದ್ದು ಅವರು ಕಲಿಸಿದ್ದರಿಂದ. ಬಂದವರಿಗೆ ನಾನು ನನ್ನ ಹಾಡು ಹಾಕುವುದನ್ನು ಬಿಟ್ಟೆ. ನಿಮಗೆ ಬಾಯಿಪಾಠ ಆಗಿರುವ ಕ್ಯಾಸೆಟ್ ತನ್ನಿ ಅಂದೆ. ಒಬ್ಬರು ಮಗಳ ಮದುವೆಯ ವಾಲಗ ತಂದರು, ಒಬ್ಬರು ರೇಷ್ಮೆಗೂಡಿನ ಮಾರ್ಕೆಟ್ಟಿನ ಹರಾಜಿನ ಕೂಗನ್ನು ತಂದರು. ಇದೇನು ಪೀಡೆ ಅಂತ ಬೈದುಕೊಂಡು ಹೋದವರೂ ಇದ್ದರು. ತಂದವರು ಯಾರೂ ಬಾಕ್ಸ್ ವಾಪಸ್ಸು ತರಲಿಲ್ಲ.

ತೊಂಬತ್ತರ ದಶಕದ ನಡುವೆ ಡ್ರೈವರಣ್ಣ ತೀರಿಕೊಂಡರು, ಹಳ್ಳಿಯ ಮನೆಯಲ್ಲಿ, ನಿದ್ದೆಯಲ್ಲೇ. ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ಆಕೆ ಮತ್ತೆ ಬೈದರೆ ಬೈಸಿಕೊಳ್ಳೋಣ ಅಂತ ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ. ಊಟವಾದ ಮೇಲೆ ಆಕೆ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು, ಬಚ್ಚಲ ಕಲ್ಲಿನ ಮೇಲೆ ಕೂರಿಸಿದರು.

“ನೀನು ಕಿವಿ ಓಗೈತೆ ಅಂತ ಏಳೋಕೆ ಮುಂಚೇನೇ ಅವ್ರಿಗೆ ಅನುಮಾನ ಬಂದಿತ್ತು ಕಣಮ್ಮ,” ಅಂದರು. “ಬಾಗಿಲ ಹಿಂದೆ ನಿಂತ್ಕೊಂಡು ಲೋಟಕ್ಕೆ ಚಮಚದಾಗೆ ಬಡಿ, ನಾನು ಲೆಕ್ಕ ಏಳ್ತೀನಿ ಅಂದ್ರು. ಮೂರು ಬಡಿದೆ. ಎರಡು ಅಂದ್ರು.”

ನಾನು ಆಕೆಯ ಮುಖ ನೋಡಿದೆ.

“ಎರಡೇ, ಸರಿಯಾಗೈತೆ ಅಂದೆ. ಇನ್ನೆರಡು ವರ್ಷ ತಾನೆ, ಎಂಗೋ ಕಳೀಲಿ ಅಂತ. ಡಬ್ಬದಾಗೇ ಏನೋ ಕೆಟ್ಟೈತೆ ಅಂತ ಅವ್ರು ನಿನ್ನತ್ರ ಓಡಾಡಿದ್ದು ನನ್ ಮಾತು ನಂಬ್ಕೊಂಡು. ಮೂರು ತಿಂಗ್ಳು ಆ ಸೀಟ್ನಾಗೆ ಕೂತಿದ್ದೂ ನನ್ ಮಾತು ನಂಬ್ಕೊಂಡೇ.”

ಯಾರಿಗೂ ಏನೂ ಆಗಲಿಲ್ಲವಲ್ಲಕ್ಕ, ಬಿಡಿ ಅಂದೆ.

“ಆಗ್ಲಿಲ್ಲ,” ಅಂದರು ಆಕೆ. ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. “ನೀನು ಬೈದೆ, ಅದ್ಕೇ ಆಗ್ಲಿಲ್ಲ.”