ಕೂಸಿನ ಭಾರ ತಾಳದ ಕಂಬ

ಭರಮಪ್ಪ ತೀರಿಕೊಂಡಾಗ ಅವನ ಕೇರಿಯಾದ ಮಂಗೋರ್ ಹಿಲ್‌ನ ಜನ ಅವನನ್ನು ಕಂಬದ ಭರಮಪ್ಪನೆಂದೇ ನೆನೆದರು. ಅವನು ಕಂಬ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೆಸರು ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಮಡಗಾಂವ್ ಸುತ್ತ, ದೂರದೂರಿನ ಉಳ್ಳವರಿಗಾಗಿ, ಹಳೇ ಕಾಲದ ಮಾದರಿಯ ಹೊಸ ಬಂಗಲೆಗಳು ಏಳುತ್ತಿದ್ದ ದಿನಗಳವು. ಚಾವಣಿಯ ಭಾರ ಹೊರುತ್ತಿದ್ದದ್ದು ಒಳಗಿನ ಕಾಂಕ್ರೀಟ್ ಕಂಬಗಳು. ಮುಂದೆ ಪಡಸಾಲೆಯಲ್ಲಿ ಕಣ್ಣಿಗೆ ಬೀಳುವ ದುಂಡು ಕಂಬಗಳು ಭರಮಪ್ಪನವು. ಮಳೆನೀರಿನ ಪೈಪಿನ ಸುತ್ತ ತಂತಿಬಲೆ ಸುತ್ತಿ, ಮೇಲೆ ಗಿಲಾವು ಹಚ್ಚಿ, ತುದಿಯಲ್ಲಿ ಗಾರೆಯ ಎಲೆಗಳನ್ನು ತೀಡುತ್ತಿದ್ದ. ಒಳಗೆಲ್ಲ ಟೊಳ್ಳು. ಸುಳ್ಳು ಕಂಬವೆಂದು ಯಾರಾದರೂ ಚುಚ್ಚಿದರೆ ಸಿಟ್ಟಾಗುತ್ತಿರಲಿಲ್ಲ.

"ಹಣಿಮ್ಯಾಗಿನ ಕುಂಕುಮ ಏನು ಭಾರ ಹೊರತೈತ್ರಿ? ಅಳಿಸಿ ನೋಡ್ರಿ, ಮಾರಿ ಹೆಂಗ ಕಾಣತೈತಿ!" ಎನ್ನುತ್ತಿದ್ದ.

ಅಂಥದೊಂದು ಬಂಗಲೆಗೆ ಸಿಮೆಂಟ್ ಕಲಸಲು ನಂದಾ ಬರುತ್ತಿದ್ದಳು, ಕಂಕುಳಲ್ಲಿ ಕೂಸು. ಬಿಸಿಲೇರಿದಾಗ ಪಡಸಾಲೆಯ ನೆರಳಿಗೆ ಬಂದು, ಹಳೇ ಸೀರೆಯ ಒಂದು ತುದಿಯನ್ನು ಒಳಗಿನ ಕಂಬಕ್ಕೂ ಇನ್ನೊಂದನ್ನು ಭರಮಪ್ಪನ ಹೊಸ ಕಂಬಕ್ಕೂ ಬಿಗಿದು ಜೋಳಿಗೆ ಕಟ್ಟಿದಳು. ಕಟ್ಟಡದ ಕೆಲಸಕ್ಕೆ ಹೋದ ತಾಯಂದಿರೆಲ್ಲ ಮಾಡುವುದು ಅದನ್ನೇ. ಏಣಿಯ ಮೇಲಿದ್ದ ಭರಮಪ್ಪ ತಿರುಗಿ ನೋಡಿದಾಗ ಅವಳು ಕೂಸನ್ನು ಮಲಗಿಸಿ ತೂಗಿಯಾಗಿತ್ತು. ಅವನು ಕೂಗುವುದಕ್ಕೂ ಕಂಬ ವಾಲುವುದಕ್ಕೂ ಸರಿಹೋಯಿತು. ಎಲೆಗಳಿದ್ದ ತುದಿ ಕಳಚಿ ಕೂಸಿನ ತಲೆಯ ಪಕ್ಕದಲ್ಲೇ ಬಿತ್ತು.

ಕೂಸಿಗೆ ಏನೂ ಆಗಲಿಲ್ಲ. ಮೈತುಂಬ ಧೂಳು ಮೆತ್ತಿಕೊಂಡು ಕಿರುಚುತ್ತಿತ್ತು.

"ಕಂಬ ಅಂತ ಕಟ್ಟಿದ್ನೋ ಯಪ್ಪಾ! ಕಂಬ ಅಲ್ಲೇನು ಇದು?" ಎಂದು ನಂದಾ ಅತ್ತಳು.

ಅದೇ ಕಂಬವನ್ನು ಭರಮಪ್ಪ ಮತ್ತೆ ಮಾಡಿದ. ಈ ಸಲ ಚಾವಣಿಗೆ ಮುಟ್ಟಿಸದೆ ನಾಲ್ಕು ಬೆರಳಷ್ಟು ಬಿಟ್ಟ. ಸಂದಿಯಲ್ಲಿ ಪೈಪು ಕಾಣುತ್ತಿತ್ತು. ನಂದಾಳನ್ನು ಕರೆದು ತೋರಿಸಿದ.

"ನೋಡವಾ, ಇದು ಏನೂ ಹೊತ್ತಿಲ್ಲ ಅಂತ ಕಂಡವ್ರಿಗೆಲ್ಲ ತಿಳೀತೈತಿ."

"ಅಳೂ ಕೂಸಿನ ಹಿಡ್ಕೊಂಡು ಯಾರ ಮ್ಯಾಲ ನೋಡ್ತಾರ ಕಾಕಾ? ಬೋರ್ಡ್ ಬರದು ಹಚ್ಚಿದ್ರೂ ನನಗ ಓದಾಕ ಬರಂಗಿಲ್ಲ."

ಭರಮಪ್ಪನಿಗೆ ನಗು ಬಂತು. ಆಮೇಲೆ ಸುತ್ತಿಗೆ ತೆಗೆದುಕೊಂಡು ತಾನೇ ಅದನ್ನು ಒಡೆದ. ಪೈಪಿನ ಸುತ್ತ ನೆಲದಿಂದ ಚಾವಣಿಯವರೆಗೆ ಸರಳು ನಿಲ್ಲಿಸಿ ಕಾಂಕ್ರೀಟ್ ತುಂಬಲು ಶುರುಮಾಡಿದ. ಕೆಲಸದ ಗುತ್ತಿಗೆ ಹಿಡಿದಿದ್ದ ಧಾರವಾಡದ ಶಶಿಧರ ಬಂದು ನೋಡಿದ.

"ಇದೇನೋ ಭರಮಪ್ಪಾ, ಶೋಕಿ ಕಂಬಕ್ಕ ಇಷ್ಟು ಕಬ್ಬಿಣ! ನಾಳೆ ಪೈಪ್ ಒಡದ್ರ ಹೆಂಗ ತಗೀತಿ? ಮಾಲಕರ ಮಕ್ಕಳು ಜೋಳಿಗ್ಯಾಗ ಮಲಗ್ತಾರೇನು?"

"ಮಲಗಂಗಿಲ್ರಿ. ಒರಗ್ತಾರ, ಜೋಕಾಲಿ ಕಟ್ತಾರ. ಕಂಬ ಕಂಡ್ರ ಮನಷ್ಯಾ ನಂಬತಾನ್ರಿ ಸಾವಕಾರ್ರ."

ಪೈಪಿನ ಮಾತು ಖರೇ ಎಂದು ಅವನಿಗೂ ಗೊತ್ತಿತ್ತು. ಪೈಪನ್ನು ಹೊರಗೆ ಗೋಡೆಗುಂಟ ಇಳಿಬಿಡೋಣ, ಕಾಣಲಿ ಎಂದ.

"ಅದು ಕಾಣಬಾರದು ಅಂತನ ಕಂಬ ಮಾಡಿಸಾಕತ್ತೇವಿ," ಎಂದ ಶಶಿಧರ. "ಡ್ರಾಯಿಂಗಿನಾಗ ಇದ್ದಂಗ ಮಾಡು. ಇಲ್ಲಾ ಬ್ಯಾರೆ ಕೆಲಸ ನೋಡ್ಕೊ."

ಭರಮಪ್ಪ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ. ಉಳಿದ ಕಂಬಗಳನ್ನು ಬೇರೆಯವರು ಮುಗಿಸಿದರು.

ಅನಂತರ ಅವನು ಉಸಗಾಂವದಲ್ಲಿ ಕಾರ್ಖಾನೆಗಳ ಗೋಡೆಗೆ ಗಿಲಾವು ಮಾಡಿದ. ಸಪಾಟು ಗೋಡೆ, ಎಲೆ ತೀಡುವ ಕೈ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಆ ಕಸಬನ್ನು ಯಾರಿಗಾದರೂ ಕಲಿಸಿರೆಂದು ಹೆಂಡತಿ ಚಂದವ್ವ ಕೊನೆಯವರೆಗೂ ಗಂಟುಬಿದ್ದಳು.

"ಗಟ್ಟಿ ಕಂಬ ಯಾರರ ಮಾಡಸಲಿ, ಅದರ ಮ್ಯಾಲ ಕಲಿಸ್ತೇನಿ," ಎನ್ನುತ್ತಿದ್ದ.

ಯಾರೂ ಮಾಡಿಸಲಿಲ್ಲ. ಈಗ ಆ ಎಲೆ ತೀಡಬಲ್ಲವರು ಮಂಗೋರ್ ಹಿಲ್‌ನಲ್ಲಿ ಯಾರೂ ಇಲ್ಲ.