ಕೋಟಿನ ತೋಳಿನೊಳಗೆ ಕುದುರಿದ ಅಂಕ

ನಮ್ಮೂರು ಅತ್-ಬಾಶಿಯಲ್ಲಿ ಕಿರ್ಗಿಜ್ ಭಾಷೆಯನ್ನು ಕಲಿಸಿದ ವಿದ್ವಾಂಸರಿಗೆ ಕೊರತೆಯಿಲ್ಲ. ಆದರೆ ಮಕ್ಕಳ ಪ್ರಬಂಧಕ್ಕೆ ಅಂಕ ಕೊಡುವ ಕೆಲಸವನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು, ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ, ಊರಿಗೆಲ್ಲ ಅಕ್ಕನಂತಿದ್ದು ‘ಎಜೆ’ ಎಂದೇ ಕರೆಸಿಕೊಳ್ಳುವ ಬುರುಲ್ಚಾ ಎಜೆಯವರೊಬ್ಬರೇ. ಅವರ ಶಿಷ್ಯೆಯಾಗಿದ್ದು, ಈಗ ಅವರ ಪಕ್ಕದ ಕೋಣೆಯಲ್ಲೇ ಪಾಠ ಮಾಡುವ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ನಮ್ಮ ಶಾಲೆಗಳಲ್ಲಿ ಐದು ಎಂದರೆ ಉತ್ತಮ, ಎರಡು ಎಂದರೆ ನಪಾಸು. ಇವುಗಳ ನಡುವೆ ‘ಎಳೆದ ಮೂರು’ ಎಂಬುದೊಂದಿದೆ: ಪಾಪ, ಪಾಸಾಗಲಿ ಎಂದು ಎರಡನ್ನು ಎಳೆದು ಮೂರು ಮಾಡಿದ್ದು. ಸೇವೆಗೆ ಸೇರಿದ ಹೊಸತರಲ್ಲಿ ಎಜೆಯವರೂ ಎಲ್ಲರಂತೆ ಅದನ್ನು ಧಾರಾಳವಾಗಿ ಹಂಚಿದವರೇ. ಹುಡುಗರು ಪಾಸಾಗುತ್ತಿದ್ದರು; ತಾವು ಬರೆದದ್ದು ಹೇಗಿದೆಯೆಂದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಅದು ಎಜೆಯವರನ್ನು ಒಳಗೊಳಗೇ ಕೊರೆಯುತ್ತಿತ್ತು.

ನಾನಾಗ ಒಂಬತ್ತನೇ ತರಗತಿ. ನನ್ನ ತಂದೆ ಸತಾರ್ಕುಲ್ ಕುರಿ ಮೇಯಿಸುವವರು. ವರ್ಷದ ಕೊನೆಗೆ ಪ್ರಬಂಧದಲ್ಲಿ ನಾಲ್ಕು ಬಂದರೆ ಹತ್ತನೇ ತರಗತಿ, ಬಾರದಿದ್ದರೆ ಶಾಲೆ ಬಿಟ್ಟು ಅವರ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಶರತ್ಕಾಲದಲ್ಲಿ ನನಗೆ ಮೂರು ಬಂದಾಗ ನೇರ ಶಾಲೆಗೇ ಬಂದರು. ನಮ್ಮ ನುಡಿಯಲ್ಲಿ ಬೆಲೆಗೂ ಅಂಕಕ್ಕೂ ಒಂದೇ ಮಾತು, ‘ಬಾ’. ಅಪ್ಪನಿಗೆ ಗೊತ್ತಿದ್ದದ್ದು ಸಂತೆಯ ‘ಬಾ’ ಒಂದೇ.

“ಎಜೆ, ನನ್ನ ಮಗಳಿಗೆ ಬಾ ಎಷ್ಟು ಹಾಕಿದ್ರಿ?”

“ಮೂರು.”

“ಬರೀ ಮೂರಾ? ಹೀಗಂದ್ರೆ ಹೆಂಗೆ ಎಜೆ! ನಾಲ್ಕು ಮಾಡಿ, ಹಬ್ಬಕ್ಕೊಂದು ಟಗರು ಕಳಿಸ್ತೀನಿ.”

“ಟಗರು ನಿಮ್ಮ ಹತ್ರಾನೇ ಇರ್ಲಿ. ಮಾಲು ಯಾರದೋ ಅವಳೇ ಬಂದು ಚೌಕಾಸಿ ಮಾಡ್ಲಿ.”

ಸಿಟ್ಟಿನಲ್ಲಿ ಆಡಿದ ಈ ಮಾತು ಆಡಿದವರ ತಲೆಯಲ್ಲೇ ಕೂತುಬಿಟ್ಟಿತು. ಮುಂದಿನ ವಾರದಿಂದ ನಾವು ಒಬ್ಬೊಬ್ಬರೇ ಮೇಜಿನ ಬಳಿ ಹೋಗಿ, ನಮ್ಮ ಪ್ರಬಂಧಕ್ಕೆ ಎಷ್ಟು ಅಂಕ, ಯಾಕೆ ಎಂದು ಹೇಳಬೇಕಾಯಿತು. ನಾವು ‘ಅಗಾಯ್’, ಅಂದರೆ ಮೇಷ್ಟ್ರೇ, ಎಂದು ಕರೆಯುವ ಮುಖ್ಯೋಪಾಧ್ಯಾಯ ಜುಮಾದಿಲ್ ಹೌಹಾರಿದರು. “ಇದು ಶಾಲೆಯೋ, ಭಾನುವಾರದ ಕುರಿಸಂತೆಯೋ?”

“ಅಲ್ಲಿ ಹಲ್ಲು ನೋಡದೆ ಯಾರೂ ಬೆಲೆ ಕಟ್ಟಲ್ಲ ಅಗಾಯ್. ನಾವಿಲ್ಲಿ ಕಟ್ತಾ ಇದ್ವಿ” ಎಂದರು ಎಜೆ.

ಆದರೆ ಈ ಚೌಕಾಸಿಯಲ್ಲಿ ಬಾಯಿದ್ದವರು ಗೆದ್ದರು. ಕುಬಾತನೆಂಬ ಮಾತಿನ ಮಲ್ಲ ಅರ್ಧ ಪುಟಕ್ಕೆ ಐದು ಗಿಟ್ಟಿಸಿದ. ನನ್ನಂಥ ಮೂಗಿಯರು ಸಿಕ್ಕಿದ್ದಕ್ಕೆ ತಲೆಯಾಡಿಸಿ ಬಂದೆವು. ಎಜೆಯವರು ಇಡೀ ತರಗತಿಯ ಮುಂದೆ “ತಪ್ಪು ನನ್ನದು” ಎಂದರು. ಮರುದಿನ ತೀರಿಹೋದ ಯಜಮಾನರ ಅಗಲ ತೋಳಿನ ಕುರಿದೊಗಲ ಕೋಟು ತೊಟ್ಟು ಬಂದರು. ಸಂತೆಯಲ್ಲಿ ತೋಳಿನೊಳಗೆ ಕೈ ಸೇರಿಸಿ, ಬೆರಳು ಹಿಡಿದು, ಪಕ್ಕದವರಿಗೆ ತಿಳಿಯದಂತೆ ಬೆಲೆ ಕುದುರಿಸುವುದಿಲ್ಲವೇ, ಹಾಗೆಯೇ ಇನ್ನು ಅಂಕವೂ: ಹಿಡಿದಷ್ಟು ಬೆರಳು, ಕೇಳಿದಷ್ಟು ಅಂಕ. ಕಾರಣವನ್ನು ಅವರ ಕಿವಿಯಲ್ಲಿ ಹೇಳಿದರೆ ಸಾಕು.

ವಸಂತದಲ್ಲಿ ಕೊನೆಯ ಪ್ರಬಂಧ ಬಂತು. ಹಿಮಗಾಳಿಗೆ ಸಿಕ್ಕ ನಮ್ಮ ಮುದಿ ಹೆಣ್ಣುಕುದುರೆಯ ಬಗ್ಗೆ ನಾನು ಬರೆದಿದ್ದೆ. ಸಾಲಿಗೊಂದು ಕಾಗುಣಿತದ ತಪ್ಪು. ತೋಳಿನೊಳಗೆ ಕೈಯಿಟ್ಟು ಅವರ ಎರಡು ಬೆರಳು ಹಿಡಿದೆ.

ಎಜೆಯವರು ಕೈ ಕಿತ್ತುಕೊಂಡರು. “ಅಯ್ಯೋ ಪೆದ್ದೇ! ತನ್ನ ಮಾಲಿಗೆ ತಾನೇ ಬೆಲೆ ಇಳಿಸೋರನ್ನ ಎಲ್ಲಾದ್ರೂ ನೋಡಿದ್ಯಾ? ಹೊರಗೆ ಹೋಗು. ಬರೆದಿದ್ದನ್ನ ಓದ್ಕೊಂಡು ಮತ್ತೆ ಬಾ.”

ಹೊರಗೆ ನಿಂತು ಓದಿದೆ. ಮರಿಯನ್ನು ಮರೆಗೆ ನಿಲ್ಲಿಸಿ, ಗಾಳಿಯನ್ನೆಲ್ಲ ತನ್ನ ಪಕ್ಕೆಗೆ ತೆಗೆದುಕೊಂಡ ಕುದುರೆ ಅಲ್ಲಿತ್ತು. ಇದನ್ನು ಬರೆದವಳು ನಾನೇ ಎಂದು ಆ ದಿನ ಮೊದಲ ಬಾರಿಗೆ ಹೆಮ್ಮೆಪಟ್ಟೆ. ಒಳಗೆ ಹೋಗಿ, “ತಪ್ಪೆಲ್ಲ ತಿದ್ದಿ ಬರೀತೀನಿ ಎಜೆ. ಕುದುರೆ ಭಾಗ ಮಾತ್ರ ಬಿಟ್ಟುಕೊಡಲ್ಲ” ಎಂದು ಪಿಸುಗುಟ್ಟಿ ನಾಲ್ಕು ಬೆರಳನ್ನು ಬಿಗಿಯಾಗಿ ಹಿಡಿದೆ. ಅವರೂ ನಾಲ್ಕನ್ನೇ ಒತ್ತಿದರು. ತಿದ್ದಿ ಬರೆದುಕೊಟ್ಟ ಮೇಲೆಯೇ ಅದು ಶಾಯಿಗೆ ಇಳಿಯಿತು.

ಅಪ್ಪ ಮಾತಿಗೆ ತಪ್ಪಲಿಲ್ಲ. “ಕೊಸರಾಡಿ ತಗೊಂಡಿದ್ದೀಯ. ಹೋಗು, ಓದ್ಕೋ” ಎಂದರು. ಇಂದು ನಾನು ಮೇಷ್ಟರ ಮೇಜಿನ ಹಿಂದೆ ನಿಂತಿರುವುದು ಆ ನಾಲ್ಕು ಬೆರಳುಗಳ ಋಣದಿಂದ.

ಈ ಲೇಖನವನ್ನೂ ಮೊದಲು ಅವರಿಗೇ ತೋರಿಸಿದೆ. ‘ಜ್ಞಾನಜ್ಯೋತಿ’, ‘ಕರುಣಾಮಯಿ’ ಎಂದೆಲ್ಲ ತುಂಬಿದ್ದ ಆ ಮೊದಲ ಬರಹಕ್ಕೆ ಎಜೆಯವರು ಮೂರು ಬೆರಳು ಒತ್ತಿದರು. “ಹೊಗಳಿದ್ದೀಯ, ಕಾರಣ ಎಲ್ಲೇ? ಕೂಗಾಡೋರಿಗೆ ಜಾಸ್ತಿ ಕೊಟ್ಟಿದ್ನಲ್ಲ, ಅದ್ಯಾಕೆ ಬಿಟ್ಟೆ? ಹೊರಗೆ ಹೋಗು.” ಹೋಗಿ, ಓದಿಕೊಂಡು, ತಿದ್ದಿ ಬರೆದದ್ದು ಇದು.

ಎಜೆಯವರು ನೂರ್ಕಾಲ ಬಾಳಲಿ. ಅವರ ಕೋಟಿನ ಉಣ್ಣೆ ಸವೆಯದಿರಲಿ, ಬೆರಳುಗಳ ಬಿಗಿ ಸಡಿಲದಿರಲಿ, ಹೊರಗೆ ಹೋದವರೆಲ್ಲ ಮತ್ತೆ ಬಂದಾಗ ಆ ತೋಳು ತೆರೆದೇ ಇರಲಿ. ಎಜೆ, ನಾನು ಒಳಗೆ ಬರುತ್ತಿದ್ದೇನೆ. ಈ ಸಲ ನಾಲ್ಕಕ್ಕಿಂತ ಕಡಿಮೆಗೆ ಒಪ್ಪುವವಳಲ್ಲ.