ಬಸವರಾಜ ದುರ್ಗದ ಕಡಲಲ್ಲಿ ಅವ್ವನ ಲಿಂಗ

ಶರಣ ಬಂಧುಗಳೇ,

ನನ್ನ ಅವ್ವ ಎರಡು ಹಗಲು ಒಂದು ಹನಿ ನೀರನ್ನೂ ಮುಟ್ಟದೆ ಸಮುದ್ರದ ನಡುವೆ ಮಲಗಿದ್ದಳು. ಸಿಹಿನೀರಿನ ಪೀಪಾಯಿ ಆಕೆಯ ತಲೆದೆಸೆಯಲ್ಲೇ ಇತ್ತು. ಕುಡಿಸಲು ನಾನಿದ್ದೆ, ಅಕ್ಕ ಇದ್ದಳು. ಅವ್ವ ಬಾಯಿ ತೆರೆಯಲಿಲ್ಲ. ಅವಳ ಇಷ್ಟಲಿಂಗ ಕಳೆದುಹೋಗಿತ್ತು.

ನಾನು ಗೋಕಾಕದಿಂದ ದಿನಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವವನು. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬರೆಯಬೇಕೆಂಬುದು ನಮ್ಮ ಸಂಪಾದಕರು ಕಲಿಸಿದ ಮೊದಲ ಪಾಠ. ಇಲ್ಲಿಯೂ ಅದನ್ನು ಮೀರದೆ ಬರೆಯುತ್ತೇನೆ.

ಕನ್ನಡ ನಾಡು ಒಂದಾದ ಮೇಲಿನ ಎರಡನೆಯ ಸಂಕ್ರಮಣ ಆಗಷ್ಟೇ ಕಳೆದಿತ್ತು. ಹುಕ್ಕೇರಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ವಿಠ್ಠಲರಾಯರು ನನ್ನ ಸ್ನೇಹಿತರು, ಹೊನ್ನಾವರದ ಕಡೆಯವರು. ಅವರ ಸೋದರಮಾವನಿಗೆ ಹಂಚು ಸಾಗಿಸುವ ಹಾಯಿದೋಣಿ ಇತ್ತು. ಒಂದು ವಾರ ಅದಕ್ಕೆ ಕೆಲಸವಿಲ್ಲ, ರಜೆ ಹಾಕಿ ಬನ್ನಿ, ದ್ವೀಪ ಸುತ್ತಿ ಬರೋಣ ಎಂದು ಕರೆದರು. ದ್ವೀಪದ ಹೆಸರು ಬಸವರಾಜ ದುರ್ಗ ಎಂದು ಕೇಳಿದ್ದೇ ತಡ, ಮೂಡಲಗಿಯಲ್ಲಿದ್ದ ಅವ್ವ ಗಂಟು ಕಟ್ಟಿದಳು.

"ಬಸವಣ್ಣ ಸಮುದ್ರದಾಗ ಹೋಗಿ ಕುಂತಾನಂದ್ರ ನಾವು ಹೋಗಿ ನೋಡಬ್ಯಾಡೇನು?" ಎಂದಳು.

ಅದು ಯಾವುದೋ ಅರಸನ ಹೆಸರು ಎಂದು ವಿಠ್ಠಲರಾಯರು ಹೇಳಲು ಹೋದರು. ನಾನು ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಅವ್ವನಿಗೆ ಮೂತ್ರಪಿಂಡದ ಬೇನೆ ಇತ್ತು. ನೀರು ಮಾತ್ರ ಕಡಿಮೆ ಮಾಡಬೇಡಿ ಎಂದು ಬೆಳಗಾವಿಯ ಡಾಕ್ಟರು ಒತ್ತಿ ಹೇಳಿದ್ದರು. ಹುಕ್ಕೇರಿಗೆ ಕೊಟ್ಟಿದ್ದ ನನ್ನ ಅಕ್ಕ ನೀಲಕ್ಕ ಅವ್ವನನ್ನು ನೋಡಿಕೊಳ್ಳಲು ಜೊತೆಗೆ ಬಂದಳು. ವಿಠ್ಠಲರಾಯರೂ ಸೇರಿ ನಾಲ್ವರು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿದೆವು. ತಿರುವಿನಲ್ಲಿ ಅಕ್ಕನಿಗೆ ವಾಂತಿಯಾಯಿತು. ಅವ್ವ ಕಿಟಕಿಯ ಹತ್ತಿರ ಕೂತು ರೊಟ್ಟಿ ತಿಂದಳು.

ದೋಣಿ ನಡೆಸುವವನನ್ನು ಅಲ್ಲಿ ತಾಂಡೇಲ ಎನ್ನುತ್ತಾರೆ. ನಮ್ಮ ತಾಂಡೇಲ ಜಟ್ಟಿ, ಐವತ್ತು ದಾಟಿದ ಖಾರ್ವಿ, ಮೀನುಗಾರರ ಪೈಕಿ. ಹಗಲು ದ್ವೀಪವನ್ನು ಸುತ್ತುವುದು, ಹಾಳು ಕೋಟೆ ನೋಡುವುದು, ಸಂಜೆ ಬಂಡೆಗಳ ಮರೆಯಲ್ಲಿ ಲಂಗರು ಹಾಕಿ ದೋಣಿಯಲ್ಲೇ ಮಲಗುವುದು ಎಂದು ಗೊತ್ತುಮಾಡಿದ್ದೆವು. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ. ಅವ್ವ ಘಟಪ್ರಭೆಯ ಹೊಳೆಯನ್ನು ಮಳೆಗಾಲದಲ್ಲಿ ಹರಗೋಲಿನಲ್ಲಿ ದಾಟಿ ತವರಿಗೆ ಹೋಗುತ್ತಿದ್ದವಳು, ನೀರಿಗೆ ಹೆದರಲಿಲ್ಲ. ಮೊದಲ ದಿನ ಸಮುದ್ರದ ನೀರನ್ನು ನಾಲಗೆಗೆ ಹಚ್ಚಿ ನೋಡಿ ಉಗುಳಿದಳು.

"ಅಯ್ಯ, ಇಷ್ಟ್ ನೀರ ಇಟಗೊಂಡು ಒಂದ ಎಕರೆ ಜ್ವಾಳಕ್ಕ ಬರಂಗಿಲ್ಲಲ್ಲೋ! ಏನ ದೊಡಸ್ತನಾ ಇದರದ?"

ಜಟ್ಟಿ ನಕ್ಕು, "ಮೀನಿಗೆ ಬರ್ತದೆ ಅಮ್ಮಾ" ಎಂದ.

ನಾಲ್ಕನೆಯ ಮುಂಜಾನೆ ಅವ್ವ ಎಂದಿನಂತೆ ದೋಣಿಯ ಅಂಚಿನ ಹತ್ತಿರ ಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಬಲಗಡೆ ತಾಮ್ರದ ತಂಬಿಗೆ, ಅಂಚಿನ ಮೇಲೆ ವಿಭೂತಿ ಗಟ್ಟಿ. ಬಂಡೆಗೆ ಬಡಿದು ಹಿಂದಿರುಗಿದ ದೊಡ್ಡ ಅಲೆಯೊಂದು ದೋಣಿಯನ್ನು ಓರೆ ಮಾಡಿತು. ಅವ್ವ ಕೈ ಊರಿದಳು. ನೆಟ್ಟಗಾದಾಗ ಅಂಗೈ ಬರಿದಾಗಿತ್ತು.

"ನೀರಾಗ ಬಿತ್ತು! ಡುಬುಕ್ ಅಂದದ್ದ ಕೇಳಿದೆ!" ಎಂದು ಅಕ್ಕ ಚೀರಿದಳು.

ಜಟ್ಟಿ ಅಂಗಿ ಕಳಚಿ ಧುಮುಕಿದ. ಆಳ ಹೆಚ್ಚಿತ್ತು. ಉಸಿರು ಕಟ್ಟಿ ಮೇಲೆ ಬಂದು ತಲೆ ಅಲ್ಲಾಡಿಸಿದ. ಆದರೂ ನಾನೂ ವಿಠ್ಠಲರಾಯರೂ ದೋಣಿಯನ್ನೆಲ್ಲ ಹುಡುಕಿದೆವು. ಹಗ್ಗಗಳನ್ನು ಸರಿಸಿದೆವು, ಹಾಯಿಕಂಬದ ಬುಡದಲ್ಲಿ ಮಡಚಿಟ್ಟಿದ್ದ ಇನ್ನೊಂದು ಹಾಯಿಯನ್ನು ಎತ್ತಿ ಕೆಳಗೆ ನೋಡಿದೆವು. ಹಲಗೆಯ ಸಂದಿಗೆ ಹೊಸದಾಗಿ ಹಚ್ಚಿದ ಕರಿ ಡಾಂಬರು ಇನ್ನೂ ಆರದೆ ಮೆತ್ತಗೆ ಗಂಟುಗಂಟಾಗಿತ್ತು. ಮತ್ತೇನೂ ಕಾಣಲಿಲ್ಲ.

ಅವ್ವ ಅಳಲಿಲ್ಲ. ಲಿಂಗವಿಡುವ ಕರಡಿಗೆ ಬರಿದಾಗಿತ್ತು, ಅದರ ಮುಚ್ಚಳ ಹಾಕಿ ಕೊರಳಲ್ಲಿ ಬಿಟ್ಟುಕೊಂಡು ಹೇಳಿದಳು:

"ಶಿವೂ, ಇನ್ನ ನನಗ ಊಟಾ ನೀರು ಇಲ್ಲ."

"ಯವ್ವಾ, ಊರಿಗೆ ಹೋಗೂಣು. ಮೂಡಲಗಿ ಮಠದ ಅಯ್ಯನವರು ಬ್ಯಾರೆ ಲಿಂಗಾ ಕೊಡತಾರ."

"ಕೊಡಲಿ, ತಗೋತೇನಿ. ಅವರು ಕೊಡೂತನಾ ಹನಿ ನೀರು ಮುಟ್ಟಂಗಿಲ್ಲ. ನಮ್ಮ ಮುತ್ತವ್ವ ಹಿಂಗ ಹೋದಾಕಿ."

ಮುತ್ತಜ್ಜಿ ಲಿಂಗ ಕಳೆದುಕೊಂಡು ಉಪವಾಸವಿದ್ದು ಜೀವ ಬಿಟ್ಟಳೆಂಬುದನ್ನು ನಾನು ಚಿಕ್ಕಂದಿನಲ್ಲಿ ಕತೆಯಂತೆ ಕೇಳಿದ್ದೆ. ಆ ಹೊತ್ತಿಗೆ ಅದು ಕತೆಯಾಗಿ ಉಳಿಯಲಿಲ್ಲ.

ಕೂಡಲೇ ಹೊನ್ನಾವರಕ್ಕೆ ತಿರುಗಿಸು ಎಂದು ಜಟ್ಟಿಗೆ ಹೇಳಿದೆ. ಅಷ್ಟರಲ್ಲಿ ಮೂಡಣ ಗಾಳಿ ಜೋರಾಗಿತ್ತು, ದಡದಿಂದ ನೇರ ನಮ್ಮ ಎದೆಗೆ. ಅವನು ಎರಡು ಸಲ ಹಾಯಿ ಎತ್ತಿ ದ್ವೀಪದ ಮರೆಯಿಂದ ಹೊರಬಿದ್ದ. ಎರಡು ಸಲವೂ ದೋಣಿ ದಡಕ್ಕೆ ಬೆನ್ನು ಹಾಕಿ ಹೊರಗಡಲಿನತ್ತ ಸರಿಯಿತು. ಅಲೆ ಒಳಗೆ ನುಗ್ಗಿತು. ಮತ್ತೆ ಬಂಡೆಯ ಮರೆಗೆ ಬಂದು ಲಂಗರು ಇಳಿಸಿ ಅವನೆಂದ:

"ಈ ಗಾಳೀಲಿ ಹೊರಟ್ರೆ ಅಮ್ಮನ ಒಬ್ಬರನ್ನಲ್ಲ, ಎಲ್ಲರನ್ನೂ ಕಳಕೊಳ್ತೇವೆ. ಕಾಯ್ಬೇಕು."

ಕಾಯ್ದೆವು. ಬಂಡೆಗಳ ಸಂದಿಯಿಂದ ದಡ ಕಣ್ಣಿಗೆ ಕಾಣುತ್ತಿತ್ತು. ತೆಂಗಿನ ಸಾಲು, ಅದರ ಮೇಲೆ ಹೊಗೆ. ಅಲ್ಲಿ ಆಸ್ಪತ್ರೆ ಇತ್ತು, ಬಸ್ಸುಗಳಿದ್ದವು. ಗಾಳಿ ಆ ಹಗಲೂ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಅವ್ವನ ತುಟಿ ಒಡೆಯಿತು. ಕಣ್ಣ ಕೆಳಗೆ ಊದಿಕೊಂಡಿತು. ಮೂತ್ರ ನಿಂತುಹೋಗಿದೆ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ನಾನು ಲೋಟ ಹಿಡಿದು, "ಹಿಡಕೋ ಅಕ್ಕಾ, ಬಾಯಿ ಬಿಡಿಸಿ ಹಾಕೂಣು" ಎಂದೆ.

ಅಕ್ಕ ನನ್ನ ಕೈ ತಡೆದಳು. "ಹುಚ್ಚ ಆಗೀಯೇನು? ಆಕಿ ನುಂಗಂಗಿಲ್ಲ. ಉಸರ ಕಟ್ಟಿ ನಿನ್ನ ಕೈಯಾಗನ ಹೋಗತಾಳ ನೋಡು."

ಊರು ಸುಟ್ಟ ಸುದ್ದಿ, ಹೊಳೆ ಬಂದ ಸುದ್ದಿ, ಸತ್ತವರ ಸುದ್ದಿ ಎಷ್ಟೋ ಬರೆದಿದ್ದೇನೆ. ಆ ದಿನ ಲೋಟವನ್ನು ಅವ್ವನ ತಲೆದೆಸೆಯಲ್ಲಿಟ್ಟು ಗಾಳಿ ಇಳಿಯುವುದನ್ನೇ ಕಾಯುತ್ತ ಕೂತೆ.

ಮೂರನೆಯ ಮುಂಜಾನೆ ಅವ್ವ ನನ್ನನ್ನು ತನ್ನ ತಮ್ಮನೆಂದು ತಿಳಿದು ಮಾತಾಡಿಸಿದಳು. ಆಮೇಲೆ ಸ್ವಲ್ಪ ತಿಳಿವು ಬಂತು. ಬಿಸಿಲು ತಾಗದಿರಲೆಂದು ಜಟ್ಟಿ ಹಾಯಿಕಂಬದ ಬುಡದಲ್ಲಿದ್ದ ಆ ಇನ್ನೊಂದು ಹಾಯಿಯನ್ನು ಬಿಚ್ಚಿ ಅವಳ ಮೇಲೆ ಚಪ್ಪರದಂತೆ ಕಟ್ಟಿದ. ಅವ್ವ ನನ್ನ ಎದೆಯ ಕಡೆ ಬೆರಳು ತೋರಿಸಿದಳು.

"ನಿನ್ನ ಲಿಂಗಾ ಐತೇನು ಮೈಮ್ಯಾಲೆ?"

"ಐತಿ ಯವ್ವಾ."

"ಹಂಗಾರ ಪೂಜಿ ಮಾಡು. ನಾ ನೋಡತೇನಿ. ಅದರಾಗನ ನನ್ನ ಲಿಂಗಾ ನೋಡಿ ಕಣ್ಣ ಮುಚ್ಚತೇನಿ."

ಈ ಮಾತಿಗೆ ಅಕ್ಕ ಮುಖ ಮುಚ್ಚಿಕೊಂಡಳು. ನಾನು ಅವ್ವ ಕೂರುತ್ತಿದ್ದ ಜಾಗದಲ್ಲೇ ಕೂತೆ, ಅವಳಿಗೆ ಕಾಣಲೆಂದು. ಅವಳ ತಂಬಿಗೆಯನ್ನೇ ಬಲಗಡೆ ಇಟ್ಟುಕೊಂಡೆ. ಲಿಂಗ ಅಂಗೈಗೆ ಬಂದಾಗ ನನಗೆ ಮಂತ್ರ ನೆನಪಾಗಲಿಲ್ಲ. ಹೆದರಿಕೆಯಿಂದ ಒಂದೇ ಮಾತು ಬಂತು: "ಅಪ್ಪಾ, ಆಕಿನ್ನ ಬಿಟ್ಟುಕೊಡು. ನಮ್ಮವ್ವನ್ನ ನೀರಿನ ನಡುವ ನೀರಿಲ್ಲದ ಕೊಲ್ಲಬ್ಯಾಡ." ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ.

ಆಗ ಮತ್ತೆ ಅಂಥದೇ ಅಲೆ ಬಂಡೆಗೆ ಬಡಿದು ಬಂತು. ದೋಣಿ ಓರೆಯಾಯಿತು. ನನ್ನದೂ ಹೋಗುತ್ತದೆಂದು ಎರಡೂ ಕೈಯಿಂದ ಲಿಂಗವನ್ನು ಎದೆಗೆ ಅವುಚಿಕೊಂಡೆ. ತಂಬಿಗೆ ಉರುಳಿತು. ನೀರು ಚೆಲ್ಲುತ್ತ ಇಳಿಜಾರಿನಲ್ಲಿ ಓಡಿ, ಬರಿದಾಗಿದ್ದ ಹಾಯಿಕಂಬದ ಬುಡಕ್ಕೆ ಹೋಗಿ ಖಣ್ ಎಂದು ನಿಂತಿತು.

ಡಾಂಬರಿಗೆ ತಾಗಿದರೆ ತಾಮ್ರ ಖಣ್ ಎನ್ನುವುದಿಲ್ಲ.

ನಾನು ಅಂಬೆಗಾಲಿಟ್ಟು ಹೋದೆ. ಡಾಂಬರಿನ ಗಂಟುಗಳ ನಡುವೆ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಗಟ್ಟಿಯಾಗಿತ್ತು. ಕಪ್ಪಿನಲ್ಲಿ ಕಪ್ಪು. ಎರಡು ದಿನದ ಹಿಂದೆ ನಾನು ಅದನ್ನೇ ನೋಡಿ, ಏನೂ ಇಲ್ಲ ಎಂದಿದ್ದೆ. ಮೆತ್ತಗಿದ್ದ ಡಾಂಬರಿನಲ್ಲಿ ಉರುಳಿ ಬಂದು ಕೂತದ್ದು ಅಲ್ಲೇ ಅಂಟಿಹೋಗಿತ್ತು.

"ಅಕ್ಕಾ!" ಎಂದೆ. ಆ ಗಂಟಿನ ಮೇಲೆ ಬೆರಳಿಟ್ಟು ತೋರಿಸಿದೆ.

ಜಟ್ಟಿ ಚೂರಿ ತಂದ. ಬಗ್ಗಿದವನು ತಟ್ಟನೆ ನಿಂತು ಅವ್ವನ ಕಡೆ ತಿರುಗಿದ. "ಅಮ್ಮಾ, ನಾ ಮುಟ್ಟಬಹುದಾ?"

ಅವ್ವ ಅವನನ್ನೇ ನೋಡಿದಳು. "ನನ್ನಪ್ಪನ್ನ ಹುಡುಕಾಕ ಸಮುದ್ರಕ್ಕ ಹಾರಿದವಾ ನೀನು. ನೀ ಮುಟ್ಟದ ಮತ್ತ ಯಾರ ಮುಟ್ಟಬೇಕೋ?"

ಅವನು ಸುತ್ತಲಿನ ಡಾಂಬರನ್ನು ಕೆರೆದು ಲಿಂಗವನ್ನು ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಅಕ್ಕ ಪೀಪಾಯಿಯಿಂದ ನೀರು ತಂದಳು. ಕುಡಿ ಎಂದು ನಾನು ಅವಸರ ಮಾಡಿದೆ. ಅವ್ವ ಕೇಳಲಿಲ್ಲ. ಮೊದಲು ಲಿಂಗಕ್ಕೆ ನೀರೆರೆದಳು. ಅಂಗೈಯಲ್ಲಿ ನಿಂತ ಆ ಪಾದೋದಕವನ್ನೇ ಒಡೆದ ತುಟಿಗೆ ಹಚ್ಚಿದಳು. ಎರಡು ದಿನದ ಮೇಲೆ ಅವಳ ಗಂಟಲು ಅಲುಗಿದ್ದನ್ನು ನಾನು ನೋಡಿದೆ. ಆಮೇಲೆ ಲೋಟ ಕೇಳಿದಳು. ಮತ್ತೊಂದು ಕೇಳಿದಳು.

ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: "ನೀರು ಉಪ್ಪ ಐತಂತ ಗೊತ್ತಿತ್ತು ನಮ್ಮಪ್ಪಗ. ಅದಕ್ಕ ಒಳಗ ಇಳೀಲಿಲ್ಲ." ಅಕ್ಕ ಅಳುತ್ತಲೇ ನಕ್ಕಳು.

ಮಧ್ಯಾಹ್ನ ಗಾಳಿ ತಿರುಗಿತು. ಅಳಿವೆಯ ಬಾಯಲ್ಲಿ ಅಲೆಗಳು ನಮ್ಮನ್ನು ಎತ್ತಿ ಎತ್ತಿ ಹಾಕಿದವು. ನನಗೆ ಆಗಲೂ ಹೆದರಿಕೆ ಹೋಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೊನ್ನಾವರದ ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ಮೂತ್ರ ಬಂತೆಂದು ದಾದಿ ಹೇಳಿದಾಗ ವಿಠ್ಠಲರಾಯರು ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದರು. ಇನ್ನರ್ಧ ದಿನ ತಡವಾಗಿದ್ದರೆ ಕೈ ಮೀರುತ್ತಿತ್ತೆಂದು ಡಾಕ್ಟರು ಹೇಳಿದರು.

ಆಸ್ಪತ್ರೆಯಲ್ಲಿ ಪೂಜೆಯ ಗಂಟು ಬಿಚ್ಚಿದಾಗ ಅಕ್ಕ ಒಂದು ಮಾತು ಕೇಳಿದಳು: "ಯವ್ವಾ, ನಿನ್ನ ಇಬತ್ತಿ ಗಟ್ಟಿ ಎಲ್ಲಿ?" ವಿಭೂತಿ ಗಟ್ಟಿ ಇರಲಿಲ್ಲ. ಆ ಮುಂಜಾನೆ ನೀರಿಗೆ ಬಿದ್ದು ಸದ್ದು ಮಾಡಿದ್ದು ಅದೇ ಇರಬೇಕು. ಅಕ್ಕ ಕೇಳಿದ್ದು ಖರೆ. ಅದು ಲಿಂಗ ಬಿದ್ದ ಸದ್ದೆಂದು ನಾವೆಲ್ಲ ನಂಬಿದ್ದೆವು. ಕೇಳಿದ್ದನ್ನು ಕಂಡದ್ದೆಂದು ಬರೆಯಬಾರದೆಂಬ ಪಾಠ ನನಗೇ ಮರೆತುಹೋಗಿತ್ತು.

ಇದೆಲ್ಲ ಕಾಕತಾಳೀಯ ಎಂದು ಕಚೇರಿಯ ಗೆಳೆಯರು ಹೇಳಿದ್ದಾರೆ. ನಾನು ವಾದ ಮಾಡುವುದಿಲ್ಲ. ಅಲೆ ಬಂತು, ತಂಬಿಗೆ ಉರುಳಿತು, ಇಳಿಜಾರು ಅದೇ ಇತ್ತು, ಇವೆಲ್ಲ ಸರಿ. ಆದರೆ ಪರೀಕ್ಷೆ ಮಾಡಲೆಂದು ನಾನು ಅಲ್ಲಿ ಕೂತಿರಲಿಲ್ಲ. ನನ್ನ ಬುದ್ಧಿಗೆ ಅದು ಹೊಳೆದೇ ಇರಲಿಲ್ಲ. ಸಾಯಲು ಸಿದ್ಧಳಾದ ನನ್ನ ತಾಯಿ ಪೂಜೆ ನೋಡಬೇಕೆಂದಳು, ಕೂತೆ. ಬೇಡಿದೆ, ಸಿಕ್ಕಿತು. ಕಂಡದ್ದು ಇಷ್ಟು.

ಮೂಡಲಗಿಗೆ ಬಂದ ಮೇಲೆ ಅಯ್ಯನವರು ಲಿಂಗದ ಕಪ್ಪು ಲೇಪವನ್ನು ಹೊಸದಾಗಿ ಕಟ್ಟಿಕೊಡುತ್ತೇನೆ, ಡಾಂಬರು ತೆಗೆಯೋಣ ಎಂದರು. ಅವ್ವ ಒಪ್ಪಲಿಲ್ಲ. "ಇರಲ್ರಿ ಅಯ್ಯನವರ, ನನ್ನ ಬಿಟ್ಟು ಹೋಗಬಾರದಂತ ಅಂಟಿಕೊಂಡು ಕುಂತಿದ್ದ ಗುರುತದು." ಮುಂದೆ ಆಕೆ ಆರು ವರ್ಷ ಬಾಳಿದಳು. ಲಿಂಗೈಕ್ಯಳಾದ ದಿನ ಆ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚುವಾಗ ನನ್ನ ಹೆಬ್ಬೆರಳಿಗೆ ಡಾಂಬರಿನ ಆ ಒರಟು ತಾಗಿತು.

ಅಂದಿನಿಂದ ಇಂದಿನವರೆಗೆ ನಾನು ಪೂಜೆ ತಪ್ಪಿಸಿಲ್ಲ. ಗೋಕಾಕದ ನಮ್ಮ ಮನೆಯ ನೆಲ ಅಲುಗುವುದಿಲ್ಲ. ಆದರೂ ಪ್ರತಿ ಮುಂಜಾನೆ ಅವ್ವನ ತಂಬಿಗೆಯನ್ನು ಬಲಗಡೆ ಇಟ್ಟುಕೊಂಡು ಕೂರುತ್ತೇನೆ. ಅದು ಉರುಳಿ ನಿಂತ ಸದ್ದು ಕಿವಿಯಲ್ಲಿದೆ. ಆ ಸದ್ದು ಕೇಳಿಸಿದವನಿಗೆ ಶರಣು.